ಗಸ್ತು ಹಡಗಿನ ಮೇಲೆ ಇನ್ನೂರು ಮರಳು ಮೂಟೆ

ನಮ್ಮ ತಾಳವಾಡಿ ಕಡೆಯಿಂದ ಈಚೆಗೆ ಇಬ್ಬರು ಮೂವರು ಹಡಗು ವಿನ್ಯಾಸದ ಕೆಲಸಕ್ಕೆ ಸೇರಿದ್ದಾರೆ. ರಜೆಗೆ ಬಂದಾಗ ತಿಗನಾರೆಯ ನಮ್ಮ ಜಗುಲಿಯ ಮೇಲೆ ಕೂತು, "ನಿಮ್ಮ ಕಾಲದಲ್ಲಿ ಕಂಪ್ಯೂಟರ್ ಇಲ್ಲದೆ ಹಡಗು ಹೇಗೆ ಮಾಡಿದಿರಿ?" ಎಂದು ಕೇಳುತ್ತಾರೆ. ಪೆನ್ಸಿಲಿನಿಂದ ಮಾಡಿದೆವು, ಅದಕ್ಕಿಂತ ಹೆಚ್ಚಾಗಿ ರಬ್ಬರಿನಿಂದ ಮಾಡಿದೆವು ಎನ್ನುತ್ತೇನೆ. ನಗುತ್ತಾರೆ. ಆದರೆ ಅದು ನಿಜ.

ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದರಿಂದ ಯಾರಿಗೂ ಪ್ರಯೋಜನವಿಲ್ಲ. ನನ್ನ ತಪ್ಪುಗಳಿಂದ ಇರಬಹುದು. ಕಣ್ಣಾರೆ ಕಂಡದ್ದನ್ನು ಕಂಡೆ ಎಂದು, ಕೇಳಿದ್ದನ್ನು ಕೇಳಿದೆ ಎಂದು ಬರೆಯುತ್ತೇನೆ. ಮರೆತಿರುವುದನ್ನು ಬಿಟ್ಟುಬಿಡುತ್ತೇನೆ.

ಎಪ್ಪತ್ತರ ದಶಕದ ನಡುವೆ, ಡ್ರಾಫ್ಟ್ಸ್‌ಮನ್ ಸರ್ಟಿಫಿಕೇಟು ಹಿಡಿದು ಹಡಗು ಕಟ್ಟುವ ಯಾರ್ಡಿನ ವಿನ್ಯಾಸ ಕಚೇರಿಗೆ ಹೋದಾಗ ನಾನು ಸಮುದ್ರವನ್ನು ಮೊದಲ ಸಲ ನೋಡಿ ಎರಡು ದಿನವಾಗಿತ್ತು. ಮುಖ್ಯ ವಿನ್ಯಾಸಕಾರರು ಥಾಮಸ್ ಸಾರ್. ಸಣ್ಣ ಆಳು, ದಪ್ಪ ಕನ್ನಡಕ, ಕಿವಿಯ ಮೇಲೆ ಸದಾ ಒಂದು ಕೆಂಪು ಪೆನ್ಸಿಲ್. ಯಾವ ಊರು ಎಂದು ಕೇಳಿದರು. ಹೇಳಿದೆ. ಗೊತ್ತಾಗಲಿಲ್ಲ. ಬೆಟ್ಟದ ಮೇಲಿನ ಊರು, ಹೊಲಕ್ಕೆ ಆನೆ ನುಗ್ಗುತ್ತದೆ ಎಂದೆ.

"ಹಾಗಾದರೆ ಭಾರ ಅಂದರೆ ಏನು ಅಂತ ನಿನಗೆ ಗೊತ್ತು. ತೂಕದ ವಿಭಾಗಕ್ಕೆ ಹೋಗು" ಎಂದರು.

ಹೀಗೆ ನಾನು ಹಡಗಿನ ತೂಕ ಲೆಕ್ಕ ಹಾಕುವವನಾದೆ. ಒಂದೊಂದು ತಗಡು, ಕೊಳವೆ, ಕುರ್ಚಿ, ಹಗ್ಗದ ಸುರುಳಿಯ ತೂಕವನ್ನೂ ಅದು ಹಡಗಿನಲ್ಲಿ ಎಷ್ಟು ಎತ್ತರದಲ್ಲಿ ಕೂತಿದೆ ಎಂಬುದನ್ನೂ ಬರೆದಿಡುವುದು ನಮ್ಮ ಕೆಲಸ. ಭಾರ ಕೆಳಗಿದ್ದರೆ ಹಡಗು ಗಟ್ಟಿಯಾಗಿ ಕೂರುತ್ತದೆ. ಮೇಲೇರಿದಷ್ಟೂ, ಒಮ್ಮೆ ವಾಲಿದರೆ ತಿರುಗಿ ನೆಟ್ಟಗಾಗುವ ಶಕ್ತಿ ಕುಗ್ಗುತ್ತದೆ. ವಿದ್ಯೆ ಇಷ್ಟೇ. ಉಳಿದದ್ದೆಲ್ಲ ಬೇಜಾರಿಲ್ಲದೆ ಬರೆಯುವ ಅಭ್ಯಾಸ.

ನೌಕಾಪಡೆಗೆ ಆಗ ದೂರ ಕಡಲಿನ ಕಾವಲಿಗೆ ಹೊಸ ಗಸ್ತು ಹಡಗುಗಳು ಬೇಕಾಗಿದ್ದವು. ದೊಡ್ಡ ಯುದ್ಧ ಮಾಡುವಂಥವಲ್ಲ. ವಾರಗಟ್ಟಲೆ ಹೊರಗೇ ಇದ್ದು, ಕಳ್ಳತನದಲ್ಲಿ ಮೀನು ಹಿಡಿಯುವ ಪರದೇಶದ ದೋಣಿಗಳನ್ನು ಅಟ್ಟಿಕೊಂಡು ಹೋಗಿ ಹಿಡಿಯುವಂಥವು. ನನ್ನನ್ನು ಓದಿಸಿದ ನಂಜಪ್ಪ ಚಿಕ್ಕಪ್ಪನಿಗೆ ಇದನ್ನೆಲ್ಲ ವಿವರಿಸಿದಾಗ ಅವರು ಎಲೆಯಡಿಕೆ ಉಗಿದು ಬಂದು ಹೇಳಿದರು: "ಅಂದ್ರ ಒಲದ್ ಮ್ಯಾಲ ಅಟ್ಟಣೆ ಕಟ್ಕಂಡು ಅಂದಿ ಓಡ್ಸ ಕೆಲ್ಸ ಅನ್ನು. ಇಷ್ಟಕ್ಕ ನಿನ್ನ ಓದುಸ್ಬೇಕಾಗಿತ್ತಾ?" ಆ ಹಡಗಿನ ಬಗ್ಗೆ ಇದಕ್ಕಿಂತ ನಿಖರವಾದ ವಿವರಣೆಯನ್ನು ನಾನು ಯಾವ ಕಡತದಲ್ಲೂ ಓದಿಲ್ಲ.

ಮೂರು ಹಡಗು ಬೇಕು. ಒಂದನ್ನು ಕಟ್ಟಿ ಪರೀಕ್ಷಿಸಿದ ಮೇಲೆ ಅದೇ ನಕ್ಷೆಯಲ್ಲಿ ಇನ್ನೆರಡು ಎಂದು ತೀರ್ಮಾನವಾಗಿತ್ತು. ಕೊಳ್ಳುವವರ ಪರವಾಗಿ ನೌಕಾಪಡೆಯ ಕಮಾಂಡರ್ ಒಬ್ಬರು ನಮ್ಮ ಯಾರ್ಡಿನಲ್ಲೇ ಕೂತಿದ್ದರು. ಆರಡಿ ಆಳು, ಒಳ್ಳೆಯ ಮನುಷ್ಯ. ಅವರ ಬಾಯಲ್ಲಿ ಸದಾ ಒಂದೇ ಮಾತು: "ಇದೂ ಒಂದು ಇರಲಿ." ಮೇಲಂತಸ್ತಿನಲ್ಲಿ ಇನ್ನೊಂದು ದೀಪ ಇರಲಿ, ಇನ್ನೊಂದು ಪೆಟ್ಟಿಗೆ ಇರಲಿ. ಅವರು ಹಾಗೆ ಅಂದಾಗಲೆಲ್ಲ ಥಾಮಸ್ ಸಾರ್ ಕಿವಿಯಿಂದ ಪೆನ್ಸಿಲ್ ತೆಗೆದು ನನ್ನ ಕಡೆ ನೋಡುತ್ತಿದ್ದರು. ನಾನು ಅದರ ತೂಕ ಹೇಳುತ್ತಿದ್ದೆ. ಕಮಾಂಡರು, "ಈ ಹುಡುಗನ ಹತ್ತಿರ ಕನಸು ಹೇಳಿಕೊಂಡರೂ ಅದಕ್ಕೊಂದು ತೂಕ ಹೇಳುತ್ತಾನೆ" ಎಂದು ಗೊಣಗುತ್ತಿದ್ದರು.

ಕಬ್ಬಿಣ ಕತ್ತರಿಸುವ ಮೊದಲು ಹಡಗಿನ ಮುಖ್ಯ ಕೋಣೆಗಳನ್ನು ಪ್ಲೈವುಡ್‌ನಲ್ಲಿ ನಿಜವಾದ ಅಳತೆಗೇ ಕಟ್ಟಿ ನೋಡುವ ಪದ್ಧತಿ ನಮ್ಮಲ್ಲಿತ್ತು. ಅಡುಗೆಮನೆಯ ನಕ್ಷೆ ನನ್ನದು. ಒಲೆ, ಪಾತ್ರೆ, ಅಕ್ಕಿಯ ಡಬ್ಬ ಎಲ್ಲದರ ಅಳತೆ ತೆಗೆದು, ಒಂದಿಂಚೂ ವ್ಯರ್ಥವಾಗದಂತೆ ಕೂರಿಸಿದ್ದೆ. ನೌಕಾಪಡೆಯ ಅಡುಗೆಯವರೊಬ್ಬರು ಸ್ವಂತ ಸೌಟು ತಂದಿದ್ದರು. ಪ್ಲೈವುಡ್ ಒಲೆಯ ಮುಂದೆ ನಿಂತು, ಇಲ್ಲದ ಪಾತ್ರೆಯಲ್ಲಿ ಇಲ್ಲದ ಸಾಂಬಾರು ತಿರುವಿದರು. ಟಕ್ಕೆಂದು ಮೊಣಕೈ ಗೋಡೆಗೆ ಬಡಿಯಿತು. ಇನ್ನೊಂದು ಸುತ್ತು, ಇನ್ನೊಂದು ಟಕ್.

"ಸಾರ್, ಮೊಟ್ಟೆ ಬೇಯಿಸೋಕೆ ಜಾಗ ಚೆನ್ನಾಗಿದೆ. ಎಂಬತ್ತು ಜನಕ್ಕೆ ಸಾಂಬಾರು ಬೇಕು ಅಂದರೆ ಕೈ ಇಲ್ಲದ ಅಡುಗೆಯವನನ್ನು ಹುಡುಕಿ" ಎಂದರು.

ಪಾತ್ರೆಯ ಅಳತೆ ತೆಗೆದಿದ್ದೆ, ತಿರುವುವ ಕೈಯ ಅಳತೆ ತೆಗೆದಿರಲಿಲ್ಲ. ಬಡಗಿ ಅಲ್ಲೇ ಗರಗಸ ತಂದು ಗೋಡೆಯನ್ನು ಒಂಬತ್ತು ಇಂಚು ಹಿಂದಕ್ಕೆ ಸರಿಸಿದ. ಹೊಸಬರಿಗೆ ನಾನು ಹೇಳುವುದು, ಪರದೆಯ ಮೇಲೆ ಎಷ್ಟೇ ಚೆನ್ನಾಗಿ ಕಂಡರೂ ಕೆಲಸ ಮಾಡುವವನನ್ನು ಒಮ್ಮೆ ಕರೆದು ಅಲ್ಲಿ ನಿಲ್ಲಿಸಿ ನೋಡಿ.

ವಿಧಾನಗಳು ನನ್ನ ಕಣ್ಣೆದುರೇ ಬದಲಾದವು. ನಾನು ಸೇರಿದಾಗ ಹಡಗಿನ ಬಳುಕು ಗೆರೆಗಳನ್ನು ಎಳೆಯಲು ಮರದ ತೆಳು ಪಟ್ಟಿಯನ್ನು ಬಗ್ಗಿಸಿ, ಸೀಸದ ಗುಂಡುಗಳಿಂದ ಒತ್ತಿ ಹಿಡಿದು, ಅದರ ಅಂಚಿನಲ್ಲಿ ಪೆನ್ಸಿಲ್ ಓಡಿಸುತ್ತಿದ್ದೆವು. ಲೆಕ್ಕಕ್ಕೆ ಸ್ಲೈಡ್ ರೂಲು. ಆಮೇಲೆ ಇಡೀ ವಿಭಾಗಕ್ಕೆ ಒಂದು ಕ್ಯಾಲ್ಕುಲೇಟರ್ ಬಂತು. ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕುತ್ತಿದ್ದರು. ಎಂಬತ್ತರ ದಶಕದಲ್ಲಿ ಅಂಕಿಗಳನ್ನು ತೂತುಗಳಾಗಿ ಹೊಡೆದ ಕಾರ್ಡುಗಳ ಕಟ್ಟು ಹೊತ್ತುಕೊಂಡು ಬೇರೆ ಕಟ್ಟಡದ ಕಂಪ್ಯೂಟರಿಗೆ ಹೋಗತೊಡಗಿದೆವು. ಒಮ್ಮೆ ಕಟ್ಟು ಕೈಜಾರಿ ಮೆಟ್ಟಿಲ ಮೇಲೆ ಚೆಲ್ಲಿ, ಹಡಗಿನ ಮುಂಭಾಗ ಹಿಂದಕ್ಕೂ ಹಿಂಭಾಗ ಮುಂದಕ್ಕೂ ಸೇರಿ, ಆ ಯಂತ್ರ ಯಾವ ತಕರಾರೂ ಇಲ್ಲದೆ ಉತ್ತರ ಕೊಟ್ಟಿತು. ಯಂತ್ರಕ್ಕೆ ನಾಚಿಕೆ ಇರುವುದಿಲ್ಲ ಎಂಬುದು ಅಂದು ಗೊತ್ತಾಯಿತು.

ಈಗ ಮರಳು ಮೂಟೆಯ ವಿಷಯ. ಇದನ್ನು ನಿಧಾನವಾಗಿ ಬರೆಯಬೇಕು.

ಹಡಗು ನೀರಿಗಿಳಿದು, ಒಳಗಿನ ಕೆಲಸವೆಲ್ಲ ಮುಗಿಯುತ್ತ ಬಂದಾಗ ಒಂದು ಪರೀಕ್ಷೆ ಮಾಡುತ್ತಾರೆ. ಕಾಗದದ ಮೇಲಿನ ತೂಕ ಏನೇ ಇರಲಿ, ಹಡಗನ್ನೇ ಕೇಳುವ ಪರೀಕ್ಷೆ. ಗೊತ್ತಿರುವಷ್ಟು ಭಾರವನ್ನು ಒಂದು ಬದಿಯಿಂದ ಇನ್ನೊಂದು ಬದಿಗೆ ಸಾಗಿಸುವುದು, ಆಗ ಹಡಗು ಎಷ್ಟು ವಾಲುತ್ತದೆ ಎಂದು ಉದ್ದನೆಯ ತೂಗುಗುಂಡಿನಿಂದ ಅಳೆಯುವುದು. ಕಡಿಮೆ ವಾಲಿದರೆ ಹಡಗು ಗಟ್ಟಿ. ಹೆಚ್ಚು ವಾಲಿದರೆ ಮೇಲ್ಭಾರ ಜಾಸ್ತಿ ಎಂದರ್ಥ.

ಈ ಕೆಲಸಕ್ಕೆ ಕಬ್ಬಿಣದ ದಿಮ್ಮಿಗಳಿದ್ದವು. ಆದರೆ ಆ ತಿಂಗಳು ಅವು ಬೇರೆ ಹಡಗಿನ ಕೆಲಸದಲ್ಲಿದ್ದವು. ಮರಳು ಮೂಟೆ ಸಾಕು ಎಂದು ಹೇಳಿದವನು ನಾನೇ. ಇನ್ನೂರು ಮೂಟೆ ತುಂಬಿಸಿ, ಒಂದೊಂದನ್ನೂ ತಕ್ಕಡಿಗೆ ಏರಿಸಿ, ಐವತ್ತು ಕೆಜಿಗೆ ಸರಿಹೊಂದಿಸಿ, ಬಾಯಿ ಹೊಲಿಸಿ, ತೂಕದ ಚೀಟಿ ಕಟ್ಟಿ ಸಹಿ ಹಾಕಿದೆ. ಅದಕ್ಕೆ ಹಿಂದಿನ ಮೂರು ದಿನ ಮಳೆ ಹೊಯ್ದಿತ್ತು. ಮರಳಿನ ಗುಡ್ಡೆ ಬಯಲಲ್ಲಿತ್ತು.

ಪರೀಕ್ಷೆ ಮರುದಿನವೇ ನಡೆದಿದ್ದರೆ ತೊಂದರೆಯಿರಲಿಲ್ಲ. ಆದರೆ ಗಾಳಿ ನಿಲ್ಲಲಿಲ್ಲ. ಗಾಳಿ ಹಡಗನ್ನು ತಳ್ಳುತ್ತಿದ್ದರೆ ವಾಲಿಕೆ ಅಳೆಯಲಾಗದು. ಹತ್ತು ದಿನ ಕಾದೆವು. ಆ ಹತ್ತು ದಿನವೂ ಮೂಟೆಗಳು ದಡದ ಮೇಲೆ ಸುಡು ಬಿಸಿಲಲ್ಲಿದ್ದವು.

ಹನ್ನೊಂದನೆಯ ದಿನ ಬೆಳಗಾಗುವಾಗ ಗಾಳಿ ನಿಂತಿತು. ಹಡಗಿನ ಮೇಲಿರುವ ಪ್ರತಿಯೊಬ್ಬನನ್ನೂ ತೂಗಿ, ಎಲ್ಲಿ ನಿಲ್ಲಬೇಕೆಂದು ಸೀಮೆಸುಣ್ಣದಲ್ಲಿ ಗುರುತು ಹಾಕಿದ್ದೆವು. ಅಳತೆ ತೆಗೆಯುವಾಗ ಯಾರೂ ಅಲುಗುವಂತಿಲ್ಲ. ಕಮಾಂಡರು ತೊಂಬತ್ತಮೂರು ಕೆಜಿ ಬಂದರು. ಎಂಬತ್ತೈದು ಎಂದು ಬರೆದುಕೋ ಎಂದರು. ಹಾಗೆ ಬರೆದರೆ ಹಡಗಿಗೆ ಗೊತ್ತಾಗುತ್ತದೆ ಎಂದೆ. ಎಲ್ಲರೂ ನಕ್ಕರು. ಕೂಲಿಯವರು ಮೂಟೆ ಹೊತ್ತು ಬಲದಿಂದ ಎಡಕ್ಕೆ, ಎಡದಿಂದ ಬಲಕ್ಕೆ ಓಡಾಡಿದರು. ಅವರ ಮೇಸ್ತ್ರಿ ನನ್ನ ಹತ್ತಿರ ಬಂದು, "ಇವತ್ತು ಮೂಟೆ ಹಗುರ ಸಾರ್, ನಮ್ಮವರು ಓಡುತ್ತಿದ್ದಾರೆ ನೋಡಿ" ಎಂದ.

"ಬೆಳಿಗ್ಗೆ ಇಡ್ಲಿ ಚೆನ್ನಾಗಿ ಬಿದ್ದಿರಬೇಕು" ಎಂದೆ ನಾನು.

ತೂಕದ ವಿಭಾಗದವನು ಆಡಿದ ಮಾತು ಇದು. ಹೊತ್ತವನ ಹೆಗಲನ್ನು ಬಿಟ್ಟು ಚೀಟಿಯನ್ನು ನಂಬಿದೆ.

ಫಲಿತಾಂಶ ಬಹಳ ಚೆನ್ನಾಗಿ ಬಂತು. ಬೆರಳಗಲದ ಲೆಕ್ಕದಲ್ಲಿ ಹೇಳುವುದಾದರೆ, ಹಡಗು ನೆಟ್ಟಗಾಗುವ ಶಕ್ತಿಯ ಅಳತೆ ಕಡ್ಡಾಯವಾಗಿ ಬೇಕಾದದ್ದಕ್ಕಿಂತ ಆರು ಬೆರಳು ಹೆಚ್ಚಿತ್ತು. ಕಮಾಂಡರಿಗೆ ಹಬ್ಬ. ಮೇಲಂತಸ್ತಿಗೆ ದೊಡ್ಡ ದೋಣಿಯನ್ನೂ ಅದನ್ನು ಇಳಿಸಲು ದೊಡ್ಡ ಕ್ರೇನನ್ನೂ ಅವರು ಎರಡು ವರ್ಷದಿಂದ ಕೇಳುತ್ತಿದ್ದರು. ಅವೆರಡೂ ನಾಲ್ಕು ಬೆರಳು ತಿನ್ನುತ್ತವೆ. ಇನ್ನೂ ಎರಡು ಉಳಿಯುತ್ತದಲ್ಲ ಎಂದು ಥಾಮಸ್ ಸಾರ್ ನನ್ನ ಕಾಗದ ನೋಡಿ ಒಪ್ಪಿದರು. ಮುಂದಿನ ವಾರ ಕ್ರೇನ್ ಏರಿಸುವುದು, ಅದಾದ ಮೇಲೆ ಎಂಬತ್ತು ಜನರೊಂದಿಗೆ ಸಮುದ್ರಕ್ಕೆ ಹೋಗಿ ಓಟದ ಪರೀಕ್ಷೆ ಎಂದಾಯಿತು. ಮುಂಗಾರು ಹತ್ತಿರವಿತ್ತು. ನಾನು ಒಂದು ವಾರದ ರಜೆ ಹಾಕಿ ಊರಿಗೆ ಬಂದೆ.

ಮೂರನೆಯ ದಿನ ಬೆಳಿಗ್ಗೆ ಜಗುಲಿಯ ಮೇಲೆ ರಾಗಿರೊಟ್ಟಿ ತಿನ್ನುತ್ತಿದ್ದೆ. ತಾಳಮಲೆ ಕಡೆಯ ಸೋಲಿಗರ ಜಡೆಯ ಬಂದ. ಚಿಕ್ಕಪ್ಪನಿಗಿಂತ ಹಿರಿಯ, ಮಾತಿನಲ್ಲಿ ಇಬ್ಬರೂ ಸಮಬಲ. ಕಾಡಿನಲ್ಲಿ ಬಿಡಿಸಿದ ಕಲ್ಲುಹೂವಿನ ಚೀಲವನ್ನು ನಮ್ಮ ತಕ್ಕಡಿಯಲ್ಲಿ ತೂಗಬೇಕಿತ್ತು. ಕಲ್ಲುಹೂವೆಂದರೆ ಬಂಡೆ, ಮರದ ತೊಗಟೆಗೆ ಅಂಟಿ ಬೆಳೆಯುವ, ಮಸಾಲೆಗೆ ಹಾಕುವ ಆ ಬೂದುಬಣ್ಣದ ಹಾಳೆ. ಚಿಕ್ಕಪ್ಪ ತೂಗಿ ಹುಬ್ಬು ಹಾರಿಸಿದರು.

"ಮೊನ್ನ ಅನ್ನೆರಡು ಕೆಜಿ ಅಂದಿದ್ದೆ? ಇದು ಒಂಬತ್ತೇ ಅದ. ಮಿಕ್ಕುದ್ದ ದಾರೀಲಿ ಮಂಗ ತಿಂತಾ?"

"ಅಯ್ ಬುಡಿ ಬುದ್ದಿ, ಮಂಗ ಎಲ್ಲಾರ ಕಲ್ಲೂವ ತಿಂದದಾ?" ಎಂದ ಜಡೆಯ. "ಮೊನ್ನ ಮಳ ಉಯ್ದಿತ್ತು, ಅಸಿ ಇತ್ತು. ನಾ ಎರಡು ದಿನ ಅರೆಕಲ್ ಮ್ಯಾಲ ಅರಡಿದ್ದಿ. ಬಿಸ್ಲು ತಿಂತು ಕಣಿ."

ಚಿಕ್ಕಪ್ಪ ನಕ್ಕರು. ನನ್ನ ಬಾಯಲ್ಲಿದ್ದ ರೊಟ್ಟಿ ಒಳಗೂ ಹೋಗಲಿಲ್ಲ, ಹೊರಗೂ ಬರಲಿಲ್ಲ. ದಡದ ಮೇಲಿನ ಇನ್ನೂರು ಮೂಟೆ ಕಣ್ಣ ಮುಂದೆ ಬಂದವು. ಮೂರು ದಿನ ನೆನೆದ ಮರಳು. ಹತ್ತು ದಿನ ಬಿಸಿಲು. ಓಡುತ್ತಿದ್ದ ಕೂಲಿಯವರು.

ಅದರ ಅರ್ಥ ಇಷ್ಟು: ಹಡಗು ಕಡಿಮೆ ವಾಲಿದ್ದು ಅದು ಗಟ್ಟಿಯಾಗಿದೆ ಎಂದಲ್ಲ, ಮೂಟೆ ಹಗುರವಾಗಿತ್ತು ಎಂದು. ಆ ಆರು ಬೆರಳು ಸುಳ್ಳು. ಎಷ್ಟು ಸುಳ್ಳು ಎಂದು ಗೊತ್ತಿಲ್ಲ. ಅದರ ಮೇಲೆ ಕ್ರೇನ್ ಏರುತ್ತದೆ, ಹಡಗು ಮುಂಗಾರಿನ ಸಮುದ್ರಕ್ಕೆ ಹೋಗುತ್ತದೆ, ಆಮೇಲೆ ಇನ್ನೆರಡು ಹಡಗು ಅದೇ ನಕ್ಷೆಯಲ್ಲಿ.

"ಯಾಕ್ಲಾ ಮಲ್ಲೇಸ, ಗಂಟ್ಲಿಗ್ ಸಿಕ್ಕಂತಾ? ನೀರ್ ಕುಡಿ" ಎಂದರು ಚಿಕ್ಕಪ್ಪ.

ನಾನು ನಡೆದದ್ದನ್ನು ಹೇಳಿದೆ. ಹೇಳುವಾಗ ನನ್ನ ಮನಸ್ಸಿನಲ್ಲಿ ಇನ್ನೊಂದು ಮಾತೂ ಓಡುತ್ತಿತ್ತು, ಅದನ್ನೂ ಬರೆಯಬೇಕು. ಮೂಟೆ ಸಾಕು ಎಂದವನು ನಾನು, ಚೀಟಿಗೆ ಸಹಿ ನನ್ನದು. ಸುಮ್ಮನಿದ್ದರೆ ಬಹುಶಃ ಯಾರಿಗೂ ಗೊತ್ತಾಗುವುದಿಲ್ಲ. ಬಹುಶಃ ಹಡಗೂ ಮುಳುಗುವುದಿಲ್ಲ. ಥಾಮಸ್ ಸಾರ್ ಮುಂದೆ ನಿಂತು, ನೀವು ನಂಬಿದ ಕಾಗದ ತಪ್ಪು ಎಂದು ಹೇಳುವುದು ಹೇಗೆ? ಈ ಯೋಚನೆಗೆ ಎಷ್ಟು ಹೊತ್ತು ಹಿಡಿಯಿತು ಎಂದು ನಿಖರವಾಗಿ ಹೇಳಲಾರೆ. ಜಡೆಯ ಚೀಲದ ಬಾಯಿ ಕಟ್ಟಿ ಮುಗಿಸಿರಲಿಲ್ಲ, ಅಷ್ಟು.

"ಆ ಅಡಗ್ನಲ್ಲಿ ಎಷ್ಟ್ ಜನ ಇದ್ದರ್ಲಾ?" ಎಂದರು ಚಿಕ್ಕಪ್ಪ.

"ಎಂಬತ್ತು."

"ಮತ್ತ ಇನ್ನೂ ಇಲ್ಲೇ ಕುಂತಿದ್ದಯಲ್ಲ? ಏಳ್ಲಾ ಮ್ಯಾಕ್ಕ."

ತಾಳವಾಡಿ ಪೋಸ್ಟಾಫೀಸಿಗೆ ಸೈಕಲ್ಲಿನಲ್ಲಿ ಹೋದೆ. ಪೋಸ್ಟ್ ಮಾಸ್ಟರ್ ಆರುಮುಗಂ ತಮಿಳರು, ನಮ್ಮ ಕನ್ನಡ ಚೆನ್ನಾಗಿ ಕಲಿತಿದ್ದರು. ನಾನು ಇಂಗ್ಲಿಷಿನಲ್ಲಿ ಬರೆದುಕೊಟ್ಟ ತಂತಿಯ ಅರ್ಥ ಹೀಗಿತ್ತು: ಮರಳು ಒಣಗಿದೆ. ತೂಕದ ಚೀಟಿ ನಂಬಬೇಡಿ. ಕ್ರೇನ್ ಏರಿಸಬೇಡಿ. ಹೊರಟಿದ್ದೇನೆ.

ಆರುಮುಗಂ ಎರಡು ಸಲ ಓದಿ, ಕನ್ನಡಕದ ಮೇಲಿಂದ ನೋಡಿದರು. "ತಂಬಿ, ಇದು ಏನು, ಗುಟ್ಟು ಭಾಷೆಯಾ? ನಾಳೆ ಪೊಲೀಸು ಬಂದು ನನ್ನ ಕೇಳಿದರೆ?"

"ಗುಟ್ಟಲ್ಲ ಅಣ್ಣ. ಮರಳು ನಿಜವಾಗಿ ಒಣಗಿದೆ."

"ಬೇಸಿಗೇಲಿ ಮರಳು ಒಣಗದೆ ಇನ್ನೇನಪ್ಪ? ಇದಕ್ಕೊಂದು ತಂತಿಯಾ? ನಾನು ಹೇಳ್ತೀನಿ ಕೇಳು. ಕೊನೇಲಿ 'ತಾಯಿ ಸೀರಿಯಸ್' ಅಂತ ಹಾಕು. ಆಗಲೇ ಜನ ಗಾಬರಿಯಾಗಿ ಓದೋದು."

ಬೇಡವೆಂದು ಒಪ್ಪಿಸಲು ಐದು ನಿಮಿಷ ಹಿಡಿಯಿತು. ಆದರೂ ನಾನು ಬಾಗಿಲು ದಾಟುವ ಮೊದಲೇ ಅವರು ಯಂತ್ರದ ಮುಂದೆ ಕೂತು ಕಟಕಟ ಆರಂಭಿಸಿದ್ದರು. ಅಲ್ಲಿಂದ ಹಾಸನೂರಿಗೆ ಲಾರಿ, ಹಾಸನೂರಿನಿಂದ ಬಸ್ಸು. ದಿಂಬಂ ಘಾಟಿಯ ಇಪ್ಪತ್ತೇಳು ತಿರುವಿನಲ್ಲೂ ಬಸ್ಸು ಹೊರಕ್ಕೆ ವಾಲಿ ಮತ್ತೆ ನೆಟ್ಟಗಾಯಿತು. ಚಿಕ್ಕಂದಿನಿಂದ ಆ ದಾರಿಯಲ್ಲಿ ನಿದ್ದೆ ಮಾಡುತ್ತಿದ್ದವನು ಅಂದು ಒಂದೊಂದು ತಿರುವಿನಲ್ಲೂ ಮುಂದಿನ ಸೀಟಿನ ಕಂಬಿ ಹಿಡಿದು, ಮೇಲೆ ಎಷ್ಟು ಮೂಟೆ ಹೇರಿದ್ದಾರೆ ಎಂದು ಕಂಡಕ್ಟರನ್ನು ಕೇಳಿದೆ. ಅವನು ನನ್ನನ್ನು ನೋಡಿದ ರೀತಿ ನೆನಪಿದೆ.

ಯಾರ್ಡಿಗೆ ಹೋದಾಗ ಕ್ರೇನ್ ಇನ್ನೂ ದಡದಲ್ಲೇ ಇತ್ತು. ಸರಪಳಿ ಬಿಗಿದು ಸಿದ್ಧವಾಗಿತ್ತು. ಥಾಮಸ್ ಸಾರ್ ಅದರ ನೆರಳಿನಲ್ಲಿ ಮಡಿಚುವ ಕುರ್ಚಿ ಹಾಕಿಕೊಂಡು ಕೂತಿದ್ದರು, ಕೈಯಲ್ಲಿ ತಂತಿ.

"ನಿನಗೆ ಕಾಯುತ್ತಿದ್ದೆ. ಕಮಾಂಡರು ಇದನ್ನು ಓದಿ, ನಿನಗೆ ಬಿಸಿಲು ತಲೆಗೇರಿದೆ ಅಂದರು" ಎಂದರು.

"ಬಿಸಿಲು ಏರಿದ್ದು ಮೂಟೆಗೆ ಸಾರ್."

ಹತ್ತು ಮೂಟೆ ತಕ್ಕಡಿಗೆ ಏರಿಸಿದೆವು. ನಲವತ್ತೈದೂವರೆ. ನಲವತ್ತಾರು. ನಲವತ್ತೈದು. ಮೇಸ್ತ್ರಿ ಮುಂದಿನ ಮೂಟೆಯನ್ನು ತಾನೇ ಎತ್ತಿ ತಕ್ಕಡಿಗೆ ಇಟ್ಟು ನನ್ನ ಕಡೆ ನೋಡಿದ. ಇಡ್ಲಿಯ ಮಾತು ಅವನಿಗೂ ನೆನಪಿತ್ತೆಂದು ಕಾಣುತ್ತದೆ. ಇವು ಪರೀಕ್ಷೆಯ ದಿನಕ್ಕಿಂತ ಇನ್ನೂ ಒಣಗಿರಬಹುದು, ಆದ್ದರಿಂದ ಹಳೆಯ ಲೆಕ್ಕ ತಿದ್ದಿ ಪ್ರಯೋಜನವಿಲ್ಲ, ಪರೀಕ್ಷೆಯನ್ನೇ ಮತ್ತೆ ಮಾಡಬೇಕು ಎಂದರು ಥಾಮಸ್ ಸಾರ್. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತು.

ಕಬ್ಬಿಣದ ದಿಮ್ಮಿ ಬರುವವರೆಗೆ ಕಾದೆವು. ಒಂದೊಂದನ್ನೂ ಪರೀಕ್ಷೆಯ ದಿನ ಬೆಳಿಗ್ಗೆಯೇ ತೂಗಿ ನೇರ ಹಡಗಿಗೆ ಏರಿಸಿದೆವು. ಕಮಾಂಡರು ಮತ್ತೆ ಸೀಮೆಸುಣ್ಣದ ಗುರುತಿನ ಮೇಲೆ ಕಲ್ಲಿನಂತೆ ನಿಂತರು. ಮಧ್ಯದಲ್ಲಿ ನೊಣವೊಂದು ಮೂಗಿನ ಮೇಲೆ ಕೂತಾಗ, ಕೈಯೆತ್ತಲೇ ಎಂದು ಕಣ್ಣಿನಲ್ಲೇ ನನ್ನನ್ನು ಕೇಳಿದರು. ಬೇಡವೆಂದು ತಲೆಯಾಡಿಸಿದೆ. ನನ್ನ ಮೇಲಿನ ಸಿಟ್ಟು ಅವರಿಗೆ ಆ ನೊಣದಿಂದ ಇನ್ನೂ ಹೆಚ್ಚಿತು.

ಉತ್ತರ ಬಂತು. ಆರು ಬೆರಳಲ್ಲ, ಎರಡು. ದೊಡ್ಡ ಕ್ರೇನೂ ದೊಡ್ಡ ದೋಣಿಯೂ ಏರಿದ್ದರೆ ಕಡ್ಡಾಯದ ಗೆರೆಗಿಂತ ಎರಡು ಬೆರಳು ಕೆಳಗೆ ಹೋಗುತ್ತಿದ್ದೆವು. ಹಡಗು ಮಗುಚುತ್ತಿತ್ತು ಎಂದು ನಾನು ಹೇಳುವುದಿಲ್ಲ. ಅದನ್ನು ಯಾರೂ ನೋಡಿಲ್ಲ. ಗೆರೆಯ ಕೆಳಗೆ ಎಂಬತ್ತು ಜನ ಇರುತ್ತಿದ್ದರು ಎಂದಷ್ಟೇ ಹೇಳಬಲ್ಲೆ. ಚಿಕ್ಕ ಕ್ರೇನ್, ಚಿಕ್ಕ ದೋಣಿ, ಎರಡೂ ಒಂದು ಅಂತಸ್ತು ಕೆಳಗೆ ಎಂದು ನಕ್ಷೆ ತಿದ್ದಿದೆವು. ಮೂರೂ ಹಡಗಿಗೆ ಅದೇ ಉಳಿಯಿತು.

ಓಟದ ಪರೀಕ್ಷೆಗೆ ಥಾಮಸ್ ಸಾರ್ ನನ್ನನ್ನೂ ಕರೆದುಕೊಂಡು ಹೋದರು. ದಡ ಕಾಣದಷ್ಟು ದೂರ ಹೋದ ಮೇಲೆ ಪೂರ್ತಿ ವೇಗದಲ್ಲಿ ಚುಕ್ಕಾಣಿಯನ್ನು ಒಂದೇ ಬದಿಗೆ ತಿರುಗಿಸಿದರು. ಹಡಗು ಹೊರಕ್ಕೆ ವಾಲಿತು. ಯಾರದೋ ಚಹಾ ಲೋಟ ನನ್ನ ಕಾಲ ಬಳಿ ಉರುಳಿ ಹೋಯಿತು. ನಾನು ಕಂಬಿ ಹಿಡಿದು ವಾಲಿಕೆಯ ಮುಳ್ಳನ್ನೇ ನೋಡುತ್ತಿದ್ದೆ. ಮುಳ್ಳು ನಾವು ಲೆಕ್ಕ ಹಾಕಿದ ಅಂಕಿಯ ಹತ್ತಿರ ಬಂದು ನಿಂತಿತು. ಒಂದು ಉಸಿರಿನಷ್ಟು ಹೊತ್ತು ಅಲ್ಲೇ ಇತ್ತು. ಚುಕ್ಕಾಣಿ ನೇರ ಮಾಡಿದಾಗ ಹಡಗು ಅವಸರವಿಲ್ಲದೆ ಎದ್ದು ನಿಂತಿತು. ನಾನು ಬದಿಗೆ ಹೋಗಿ ಬೆಳಗಿನ ಊಟವನ್ನೆಲ್ಲ ಸಮುದ್ರಕ್ಕೆ ಕೊಟ್ಟೆ. ಕಮಾಂಡರು ಬಂದು ಬೆನ್ನು ತಟ್ಟಿ, "ಎಷ್ಟು ಕೆಜಿ ಕಡಿಮೆಯಾಯಿತು? ಬರೆದುಕೊಂಡೆಯಾ?" ಎಂದರು. ಅವರ ಸಿಟ್ಟು ಇಳಿದದ್ದು ಅಲ್ಲೇ.

ವಾಪಸು ಬಂದ ಮೇಲೆ ಥಾಮಸ್ ಸಾರ್ ವರದಿ ಬರೆದು ನನಗೆ ಓದಲು ಕೊಟ್ಟರು. ಮೊದಲ ಪರೀಕ್ಷೆ ಏಕೆ ರದ್ದಾಯಿತು ಎಂಬ ಕಡೆ, "ತೂಕದಲ್ಲಿ ದೋಷವಿತ್ತು. ದೋಷವನ್ನು ಗುರುತಿಸಿದವರು" ಎಂದು ಬರೆದು ನನ್ನ ಹೆಸರು ಹಾಕಿದ್ದರು. ದೋಷ ಯಾರದು ಎಂದು ಬರೆದಿರಲಿಲ್ಲ.

ಮುಂದೆ ಯಾರೋ ಒಬ್ಬ ಈ ವರದಿ ತೆರೆದು ಓದುತ್ತಾನೆ, ಇಂಥ ತಪ್ಪು ಯಾರೋ ಕೆಲಸ ಬಾರದವನು ಮಾಡುವಂಥದ್ದು ಎಂದುಕೊಳ್ಳುತ್ತಾನೆ ಎನಿಸಿತು. ಪೆನ್ನು ತೆಗೆದು ಅದೇ ಸಾಲಿನ ಕೆಳಗೆ ಬರೆದೆ: "ಒದ್ದೆ ಮರಳನ್ನು ತೂಗಿ ಚೀಟಿಗೆ ಸಹಿ ಹಾಕಿದವರೂ ಇವರೇ."

ಥಾಮಸ್ ಸಾರ್ ಅದನ್ನು ಓದಿದರು. ಕಿವಿಯಿಂದ ಕೆಂಪು ಪೆನ್ಸಿಲ್ ತೆಗೆದರು. ಹೊಡೆದು ಹಾಕುತ್ತಾರೆ ಎಂದುಕೊಂಡೆ. ಅವರು ನನ್ನ ಸಾಲಿನ ಕೆಳಗೆ ಇನ್ನೊಂದು ಸಾಲು ಸೇರಿಸಿದರು: "ಮರಳನ್ನು ಮುಟ್ಟಿ ನೋಡದೆ ಒಪ್ಪಿದವನು ನಾನು." ನನ್ನ ಪೆನ್ನಿನಿಂದ ಸಹಿ ಹಾಕಿ, ಶಾಯಿ ಒಣಗಲೆಂದು ಒಂದೆರಡು ಸಲ ಊದಿ, ಕಮಾಂಡರ ಮೇಜಿಗೆ ಕಳಿಸಿದರು.